ಸವೆದ ಮೊಣಕಾಲಿಗೆ ಸಾಕ್ಷಿ ಯಾರು?

ಕಾವೇರಿ-ಕಪಿಲೆಯರ ಸಂಗಮಕ್ಕೆ ಹತ್ತಿರದ ಸೋಸಲೆಯಂತಹ ಊರಿನಿಂದ ಸೇನೆಗೆ ಸೇರಹೊರಟ ಯುವಕನನ್ನು ಓಡಿಸಿ ನೋಡಲಾಗುತ್ತದೆ. ಎದೆಯಳತೆ, ಕಣ್ಣು, ಕಿವಿ, ನೆಟ್ಟಗೆ ನಿಂತಾಗ ಮಂಡಿಗಳು ಒಂದಕ್ಕೊಂದು ತಾಗುತ್ತವೆಯೇ ಎಂಬುದನ್ನೂ ಸೇನೆಯ ವೈದ್ಯರೇ ಪರೀಕ್ಷಿಸುತ್ತಾರೆ. ಹೀಗೆ ಆರಿಸಲ್ಪಟ್ಟವನು ಹಿಮದಲ್ಲಿ, ಮರಳಿನಲ್ಲಿ ಹದಿನೈದಿಪ್ಪತ್ತು ವರ್ಷ ದುಡಿದು, ಸವೆದ ಕೀಲು ಮತ್ತು ನಿದ್ದೆಯಿಲ್ಲದ ರಾತ್ರಿಗಳೊಂದಿಗೆ ಮರಳುವಾಗ, ಅದೇ ಸೇನೆಯ ವೈದ್ಯಕೀಯ ಮಂಡಳಿ ಎಷ್ಟೋ ಸಲ ಒಂದೇ ಸಾಲು ಬರೆಯುತ್ತದೆ: ಈ ಕಾಯಿಲೆ ಸೇವೆಯಿಂದ ಬಂದುದಲ್ಲ, ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲ. ಅಂಗವೈಕಲ್ಯ ಪಿಂಚಣಿಯ ಬಾಗಿಲು ಅಲ್ಲಿಗೆ ಮುಚ್ಚುತ್ತದೆ.

ಗುಂಡೇಟಿನ ಗಾಯಕ್ಕೆ ಗುರುತಿದೆ, ದಿನಾಂಕವಿದೆ. ಮೊಣಕಾಲಿನ ಮೃದ್ವಸ್ಥಿಗೆ ಅವೆರಡೂ ಇಲ್ಲ. ಬೆನ್ನ ಮೇಲೆ ಹೊರೆ ಹೊತ್ತು ಇಳಿಜಾರಿನಲ್ಲಿಟ್ಟ ಹೆಜ್ಜೆಗಳು ಅದನ್ನು ಚೂರುಚೂರೇ ಸವೆಸುತ್ತವೆ. ನೋವು ತಲೆಯೆತ್ತುವುದು ನಲವತ್ತರ ಸುಮಾರಿಗೆ. ಆಗ ‘ವಯಸ್ಸಿನ ಕಾಯಿಲೆ’ ಎನ್ನುವುದು ಬಹಳ ಸುಲಭ. ಮನಸ್ಸಿನ ಕಾಯಿಲೆಯ ಪಾಡು ಇನ್ನೂ ಕಷ್ಟ. ‘ಹುಟ್ಟಿನಿಂದ ಬಂದ ಸ್ವಭಾವ’ ಎಂದು ಷರಾ ಬರೆದರೆ ಮುಗಿಯಿತು. ಊರಿನಲ್ಲಾದರೂ ಆತ ಹೇಳಿಕೊಳ್ಳಬಲ್ಲನೇ? ಮಂಡಿನೋವೆಂದರೆ ಎಣ್ಣೆ ತಿಕ್ಕಲು ನಾಲ್ವರು ಬರುತ್ತಾರೆ, ಮನಸ್ಸಿನ ನೋವೆಂದರೆ ಹುಚ್ಚನೆಂಬ ಪಟ್ಟ ಸಿಗುತ್ತದೆ. ಈ ವಿಷಯದಲ್ಲಿ ನಾವೂ ತಪ್ಪಿತಸ್ಥರೇ.

ವಸ್ತುತಃ ಕಾನೂನು ಸೈನಿಕನ ಪರವಾಗಿದೆ. ಸೇರುವಾಗ ದಾಖಲಾಗದ ಕಾಯಿಲೆ ಬಳಿಕ ಕಾಣಿಸಿಕೊಂಡರೆ, ಅದಕ್ಕೆ ಸೇವೆ ಕಾರಣವಲ್ಲವೆಂದು ರುಜುವಾತುಪಡಿಸುವ ಹೊಣೆ ಸರಕಾರದ್ದೆಂದು 2013ರಲ್ಲೇ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟು ಹೇಳಿತು. ಸ್ಕಿಜೋಫ್ರೇನಿಯಾದ ಕಾರಣಕ್ಕೆ 1998ರಲ್ಲಿ ಹೊರಕಳುಹಿಸಲ್ಪಟ್ಟ ಸೈನಿಕರೋರ್ವರ ಪ್ರಕರಣದಲ್ಲಿ, ಕಾರಣ ವಿವರಿಸದ ಮಂಡಳಿಯ ವರದಿಯನ್ನು ನಂಬಿ ಪಿಂಚಣಿ ನಿರಾಕರಿಸುವಂತಿಲ್ಲವೆಂದು 2025ರ ಮೇ ತಿಂಗಳಲ್ಲಿ ಅದೇ ಕೋರ್ಟು ತೀರ್ಪಿತ್ತಿತು. ನಡುವೆ ಸರಿದುದು 27 ವರ್ಷ! ಹೀಗಿದ್ದೂ ನ್ಯಾಯಮಂಡಳಿಗಳು ಕೊಟ್ಟುದನ್ನು ಕಸಿಯಲು ಸರಕಾರ ಹೈಕೋರ್ಟಿನ ಮೆಟ್ಟಿಲೇರುತ್ತಲೇ ಬಂದಿದೆ. ಆ ವರ್ಷದ ಜುಲೈಯಲ್ಲಿ ದಿಲ್ಲಿ ಹೈಕೋರ್ಟು ಇಂತಹ ನೂರಾರು ಅರ್ಜಿಗಳನ್ನು ಒಟ್ಟಿಗೇ ತಳ್ಳಿಹಾಕಿತು.

ಸೌಲಭ್ಯದ ದುರುಪಯೋಗವಾಗುತ್ತಿದೆ ಎಂಬುದು ಸರಕಾರದ ವಾದ. 2023ರ ಸೆಪ್ಟೆಂಬರ್‌ನಲ್ಲಿ ಬಂದ ಹೊಸ ನಿಯಮಗಳ ಸಮರ್ಥನೆಗೂ ಇದೇ ಮಾತು ಬಳಕೆಯಾಯಿತು. ಇರಬಹುದು. ಸುಳ್ಳು ಹೇಳುವವರನ್ನು ಹಿಡಿಯಲಿ, ನಮ್ಮ ಅಭ್ಯಂತರವಿಲ್ಲ. ಅದಕ್ಕಾಗಿ ಸಾಮಾನ್ಯ ಸಿಪಾಯಿಯನ್ನು ಕೋರ್ಟಿಗೆ ಅಲೆದಾಡಿಸುವುದೇಕೆ?

ಕರ್ನಾಟಕವು ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಕೊಚ್ಚಿ ಪೀಠದ ವ್ಯಾಪ್ತಿಯಲ್ಲಿದೆ. ಮನೆಯ ಮೆಟ್ಟಿಲು ಹತ್ತಲಾರದವನ ಕಡತ ಘಟ್ಟ ದಾಟಬೇಕು! ಮೈಸೂರಿನ ಸೈನಿಕ ಕಲ್ಯಾಣ ಕಚೇರಿಯವರು ವರ್ಷಕ್ಕೊಮ್ಮೆಯಾದರೂ ತಿ. ನರಸೀಪುರಕ್ಕೆ ಬಂದು, ತಾಲೂಕಿನ ಮಾಜಿ ಸೈನಿಕರ ವೈದ್ಯಕೀಯ ಮಂಡಳಿಯ ಪ್ರತಿಗಳನ್ನು ಓದಿ ನೋಡಲಿ. ಕಾರಣ ಬರೆಯದೆ ತಿರಸ್ಕರಿಸಿದ್ದರೆ, ಮೇಲ್ಮನವಿಯನ್ನು ಅಲ್ಲೇ ಕುಳಿತು ಬರೆದುಕೊಡಲಿ.