ಅಂಗಿಗಿಂತ ಮೊದಲು ಅಂಗಿ ತೊಡುವವರು

ಪದವಿ ಮುಗಿಸಿ ಮನೆಯಲ್ಲಿರುವ ಮಕ್ಕಳು ಹಿರಿಯರ ಮುಂದೆ ನಿಂತು, "ಟೀ ಶರ್ಟಿನ ಮೇಲೆ ಬೇಕಾದ ಚಿತ್ರ, ಬರಹಗಳನ್ನು ಅಚ್ಚು ಹಾಕಿಸಿ ಆನ್‌ಲೈನಿನಲ್ಲಿ ಮಾರುತ್ತೇವೆ" ಎನ್ನುವುದು ಚಾಮರಾಜನಗರ, ಗುಂಡ್ಲುಪೇಟೆಗಳ ಕಡೆಯ ಮನೆಗಳಲ್ಲಿಯೂ ಈಗ ಅಪರೂಪದ ಮಾತೇನಲ್ಲ. ಅರಿಸಿನ, ಬಾಳೆಗಳ ಲೆಕ್ಕ ಬಲ್ಲ ತಂದೆಗೆ ಈ ವ್ಯಾಪಾರದ ತಲೆಬುಡ ತಿಳಿಯುವುದಿಲ್ಲ. ಮಗನ ಮುಖ ನೋಡಿ ತಾಯಿ ತನ್ನ ಒಡವೆಯನ್ನು ಅಡವಿಗೆ ಕೊಡುತ್ತಾಳೆ. ಅಚ್ಚಿನ ಯಂತ್ರ ನಡುಮನೆಗೆ ಬರುತ್ತದೆ, ನೂರಾರು ಅಂಗಿಗಳ ಮೂಟೆಯೂ ಬರುತ್ತದೆ. ಕೊಳ್ಳುವವರು ಮಾತ್ರ ಬರುವುದಿಲ್ಲ. ಒಡವೆ ಬಿಡಿಸಿಕೊಳ್ಳಲಾಗದೆ ಮನೆಯವರ ಮಾತೇ ನಿಂತುಹೋಗುವ ಇಂಥ ಸಂಕಟ ಯಾರಿಗೂ ಬರಬಾರದೆಂಬ ಕಳಕಳಿಯಿಂದ ಈ ತಿಂಗಳ ಅಂಕಣವನ್ನು ಈ ವಿಷಯಕ್ಕೆ ಮೀಸಲಿಟ್ಟಿದ್ದೇವೆ.

ಬಟ್ಟೆಯ ಕಾಯಕ ನಮಗೆ ಹೊಸದಲ್ಲ. ನೇಯುವ ಜೇಡರ ದಾಸಿಮಯ್ಯ, ಹೊಲಿಯುವ ಸೂಜಿಕಾಯಕದ ರಾಮಿತಂದೆ, ಮಡಿ ಮಾಡುವ ಮಾಚಿದೇವ, ಇವರೆಲ್ಲ ನಮ್ಮ ಶರಣ ಪರಂಪರೆಯ ಹಿರಿಯರೇ. ಆದುದರಿಂದ ಅಂಗಿಯ ಮೇಲೆ ಅಚ್ಚು ಹಾಕಿ ಮಾರುವುದು ಓದಿದ ಮಕ್ಕಳಿಗೆ ತಕ್ಕುದಲ್ಲವೆಂದು ಮೂಗು ಮುರಿಯಬೇಕಾಗಿಲ್ಲ. ಕಾಯಕವಾವುದೆಂಬ ಪ್ರಶ್ನೆ ಇಲ್ಲಿ ದೊಡ್ಡದಲ್ಲ. ಯಾರಿಗಾಗಿ ಎಂಬ ಪ್ರಶ್ನೆ ದೊಡ್ಡದು.

ಅಂಗಿ ಮಾಡಿಸುವುದು ಇಂದು ಸುಲಭವಾಗಿದೆ. ಚಾಮರಾಜನಗರದಿಂದ ದಿಂಬಂ ಘಟ್ಟವಿಳಿದು ಸತ್ಯಮಂಗಲ ದಾಟಿದರೆ ಹೆಣೆದ ಹತ್ತಿಬಟ್ಟೆಗೆ ಹೆಸರಾದ ತಿರುಪ್ಪೂರು ಬಹು ದೂರವೇನಲ್ಲ. ಸ್ಕ್ರೀನ್ ಪ್ರಿಂಟಿಂಗ್ ಎಂಬ ಹಳೆಯ ಪದ್ಧತಿಯಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಪರದೆ ಸಿದ್ಧಪಡಿಸಬೇಕಾದುದರಿಂದ ಐವತ್ತು, ನೂರು ಅಂಗಿಗಳಿದ್ದರೆ ಮಾತ್ರ ಅಗ್ಗ. ಚಿತ್ರವನ್ನು ಹಾಳೆಯ ಮೇಲೆ ಮುದ್ರಿಸಿ ಶಾಖದಿಂದ ಬಟ್ಟೆಗೆ ಅಂಟಿಸುವ ಹೊಸ ವಿಧಾನದಲ್ಲಿ ಒಂದೇ ಒಂದು ಅಂಗಿಯನ್ನೂ ಮಾಡಿಸಬಹುದು. ಆಟಗಾರರು ತೊಡುವ ಪಾಲಿಯೆಸ್ಟರ್ ಬಟ್ಟೆಗೆ ಬಣ್ಣವೇ ಎಳೆಯೊಳಗೆ ಇಳಿಯುವ ಸಬ್ಲಿಮೇಷನ್ ಪದ್ಧತಿಯುಂಟು. ಹತ್ತಿಗೆ ಅದು ಹಿಡಿಯದು. ಬೇಡಿಕೆ ಬಂದಾಗಲಷ್ಟೇ ಅಚ್ಚು ಹಾಕಿ, ಕೊಂಡವರ ವಿಳಾಸಕ್ಕೆ ತಾವೇ ಕಳುಹಿಸಿಕೊಡುವ ಸಂಸ್ಥೆಗಳೂ ಇವೆ. ಅಂದಮೇಲೆ ಮೊದಲ ದಿನವೇ ಯಂತ್ರ ಕೊಳ್ಳಬೇಕಾದ ಅಗತ್ಯವಿಲ್ಲ. ಯಂತ್ರ ಬಾಡಿಗೆಗೆ ಸಿಗುತ್ತದೆ. ತೊಡುವವರನ್ನು ನಾವೇ ಹುಡುಕಬೇಕು.

ನಮ್ಮ ರಾಜ್ಯದ್ದೇ ಆದ ಒಂದು ದೊಡ್ಡ ನಿದರ್ಶನವನ್ನು ಇಲ್ಲಿ ನೆನೆಯಬಹುದು. ಇಂದು ಉಡುಪಿನ ವ್ಯಾಪಾರದಲ್ಲಿ ಹೆಸರಾಗಿರುವ ಮಿಂತ್ರಾ 2007ರಲ್ಲಿ ಬೆಂಗಳೂರಿನಲ್ಲಿ ಆರಂಭವಾದಾಗ ಮಾರುತ್ತಿದ್ದುದು ಹೆಸರು, ಚಿತ್ರಗಳನ್ನು ಅಚ್ಚು ಹಾಕಿದ ಟೀ ಶರ್ಟು, ಬಟ್ಟಲುಗಳಂಥ ಉಡುಗೊರೆಗಳನ್ನು. 2011ರ ಹೊತ್ತಿಗೆ ಅದು ಆ ದಾರಿಯನ್ನು ಬಿಟ್ಟು ಹೆಸರಾಂತ ಕಂಪನಿಗಳ ಸಿದ್ಧ ಉಡುಪುಗಳತ್ತ ಹೊರಳಿತು. 2014ರಲ್ಲಿ ಫ್ಲಿಪ್‌ಕಾರ್ಟ್ ಅದನ್ನು ಕೊಂಡುಕೊಂಡಿತು. ಬಂಡವಾಳವಿದ್ದವರೂ ಆರಂಭದ ದಾರಿಯಲ್ಲಿಯೇ ಉಳಿಯಲಿಲ್ಲವೆಂಬುದನ್ನು ನಮ್ಮ ಮಕ್ಕಳು ಗಮನಿಸಬೇಕು. "ಎಲ್ಲರಿಗೂ ಎಲ್ಲ ಬಗೆಯ ಅಂಗಿ" ಎಂದು ಹೊರಡಲು ನಮ್ಮಲ್ಲಿ ಅಂಥ ಬಂಡವಾಳವಿಲ್ಲ. ನಮಗಿರುವುದು ನಮ್ಮ ಜನರ ಪರಿಚಯ. ಅದೇ ನಮ್ಮ ಮೂಲಧನ.

ಆದರೆ ಪರಿಚಯವಿದ್ದ ಮಾತ್ರಕ್ಕೆ ಲೆಕ್ಕ ಸರಿಹೋಗುವುದಿಲ್ಲ. ಚಾಮರಾಜೇಶ್ವರ ಸ್ವಾಮಿಯ ಆಷಾಢದ ರಥೋತ್ಸವವನ್ನೇ ನೋಡಿ. 2017ರಲ್ಲಿ ತೇರಿಗೆ ಬೆಂಕಿ ತಗುಲಿ ನಿಂತುಹೋಗಿದ್ದ ಉತ್ಸವ 2022ರಲ್ಲಿ ಹೊಸ ತೇರಿನೊಡನೆ ಮತ್ತೆ ನಡೆಯಿತು. ತೇರಿಗೆ ಹಣ್ಣು ಜವನ ಎಸೆಯಲು ಬರುವ ನವದಂಪತಿಗಳೇ ಆ ಉತ್ಸವದ ಶೋಭೆ. "ಸಾವಿರಾರು ಜೋಡಿಗಳು! ಜೋಡಿ ಅಂಗಿ ಮಾಡಿಸಿದರೆ ಹೇಗೆ?" ಎಂದು ಯಾರಿಗಾದರೂ ಹೊಳೆದೀತು. ಆದರೆ ಅಂದು ಮದುಮಗಳು ಉಡುವುದು ರೇಷ್ಮೆ ಸೀರೆ, ಮದುಮಗ ಉಡುವುದು ಪಂಚೆ. ಅತ್ತೆಮಾವಂದಿರ ಕಣ್ಣೆದುರು ಟೀ ಶರ್ಟು ತೊಟ್ಟು ತೇರಿಗೆ ಬರುವವರು ಎಷ್ಟು ಮಂದಿ? ಗುಂಡ್ಲುಪೇಟೆಯ ಸುತ್ತ ಚೆಂಡುಹೂ, ಸೂರ್ಯಕಾಂತಿಗಳು ಅರಳಿದಾಗ ಹೆದ್ದಾರಿಯ ಬದಿಯಲ್ಲಿ ಕಾರು ನಿಲ್ಲಿಸಿ ಚಿತ್ರ ತೆಗೆಸಿಕೊಳ್ಳುವವರ ವಿಷಯವೂ ಹಾಗೆಯೇ. ಅವರು ಬಂದರು, ನಿಂತರು, ಹೋದರು. ಅವರ ಹೆಸರು ನಮಗೆ ತಿಳಿಯದು. ನಾಳೆ ಅವರನ್ನು ಎಲ್ಲಿ ಹುಡುಕುವುದೆಂದೂ ತಿಳಿಯದು. ಜನಸಂದಣಿಯೇ ಬೇರೆ, ಗಿರಾಕಿಯೇ ಬೇರೆ.

ಹಾಗಾದರೆ ಯಾವ ಗುಂಪನ್ನು ನಂಬಬಹುದು? ನಾವು ಮೂರು ಲಕ್ಷಣಗಳನ್ನು ಹೇಳುತ್ತೇವೆ. ಆ ಗುಂಪಿಗೆ ತಾನೇ ಇಟ್ಟುಕೊಂಡ ಒಂದು ಹೆಸರಿರಬೇಕು. ಅವರೆಲ್ಲ ಒಟ್ಟಾಗಿ ಸೇರುವ ಒಂದು ದಿನವಿರಬೇಕು. ಅವರೊಳಗೆ ಹಣ ಕೂಡಿಸುವ ಒಬ್ಬರಿರಬೇಕು. ಈ ಮೂರೂ ಇದ್ದರೆ ನಲವತ್ತು ಜನರ ಗುಂಪಾದರೂ ಸಾಕು. ಮೂರರಲ್ಲಿ ಒಂದಿಲ್ಲದಿದ್ದರೂ ನಾಲ್ಕು ಸಾವಿರ ಜನರಿಂದ ಪ್ರಯೋಜನವಿಲ್ಲ.

ಈ ಅಳತೆಗೋಲನ್ನು ಹಿಡಿದು ಊರೊಳಗೆ ಒಮ್ಮೆ ಸುತ್ತಿ ಬರೋಣ. ಪ್ರೌಢಶಾಲೆಯಲ್ಲಿ ಒಟ್ಟಿಗೆ ಓದಿದವರು ಇಪ್ಪತ್ತೈದು ವರ್ಷಗಳ ಮೇಲೆ ಸೇರಿ ಗುರುವಂದನೆ ಮಾಡುವ ಪದ್ಧತಿ ಈಗ ಊರೂರಿನಲ್ಲಿದೆ. ಆ ತಂಡಕ್ಕೆ ಹೆಸರಿದೆ, ದಿನವಿದೆ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಣ ಕೂಡಿಸುವ ಒಬ್ಬ ಗೆಳೆಯನಿದ್ದಾನೆ. ಅವರಲ್ಲಿ ಅರ್ಧ ಜನ ಬೆಂಗಳೂರು, ಮೈಸೂರುಗಳಲ್ಲಿರುವುದರಿಂದ ಆನ್‌ಲೈನ್ ಮಾರಾಟಕ್ಕೂ ಅರ್ಥ ಬರುತ್ತದೆ. ಶಿವರಾತ್ರಿಗೆ ಮಲೆ ಮಹದೇಶ್ವರ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ಭಕ್ತರ ತಂಡಗಳಿವೆ. ಸುತ್ತೂರು ಜಾತ್ರೆಯ ಭಜನಾ ಮೇಳಕ್ಕೆ ಹೋಗುವ ಭಜನಾ ಮಂಡಳಿಗಳಿವೆ. ಊರಿನ ವಾಲಿಬಾಲ್, ಕಬಡ್ಡಿ ತಂಡಗಳಿವೆ. ಬಂಡೀಪುರದ ಹುಲಿಯ ಚಿತ್ರ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಆದರೆ ಬಿಳಿಗಿರಿರಂಗನ ಬೆಟ್ಟಕ್ಕೆ ಪ್ರತಿವರ್ಷ ಹಕ್ಕಿ ನೋಡಲು ಬರುವ ಒಂದು ಕಾಲೇಜಿನ ತಂಡಕ್ಕೆ, ಅವರು ಆ ವರ್ಷ ಕಂಡ ಹಕ್ಕಿಯ ಚಿತ್ರವಿರುವ ಅಂಗಿ ಬೇರೆಲ್ಲೂ ಸಿಗದು.

ಇನ್ನು ವಿಚಾರಿಸುವ ಬಗೆ. ಒಂದು ನೋಟುಪುಸ್ತಕ ತೆಗೆದುಕೊಂಡು, ತಮಗೆ ಪರಿಚಯವಿರುವ ಐದು ಗುಂಪುಗಳ ಹೆಸರು ಬರೆಯಲಿ. ಒಂದೊಂದು ಗುಂಪಿನ ಇಪ್ಪತ್ತು ಜನರನ್ನು ನೇರವಾಗಿ ಮಾತನಾಡಿಸಲಿ. "ನಾನು ಅಂಗಿ ಮಾಡಿದರೆ ಕೊಳ್ಳುತ್ತೀರಾ?" ಎಂದು ಕೇಳಬಾರದು. ಮುಖ ನೋಡಿ ಎಲ್ಲರೂ ಹೂಂ ಎನ್ನುತ್ತಾರೆ. ಆ ಹೂಂಕಾರವನ್ನು ನಂಬಿ ಕೆಟ್ಟವರುಂಟು. ನಡೆದುಹೋದುದನ್ನು ಕೇಳಬೇಕು. ಹಿಂದಿನ ಸಲ ಇಂಥ ಅಂಗಿ ಯಾವಾಗ ಮಾಡಿಸಿದಿರಿ? ಎಷ್ಟು ಕೊಟ್ಟಿರಿ, ಹಣ ಕೊಟ್ಟವರಾರು? ಆ ಅಂಗಿ ಈಗ ಎಲ್ಲಿದೆ? ಈ ಕೊನೆಯ ಪ್ರಶ್ನೆ ಬಹು ಮುಖ್ಯ. "ಒಗೆದ ಮೇಲೆ ಕುಗ್ಗಿತು", "ಅಕ್ಷರ ಉದುರಿತು", "ಹೆಂಗಸರ ಅಳತೆಯೇ ಇರಲಿಲ್ಲ", "ನೆಲ ಒರೆಸಲು ಹಾಕಿದೆವು" ಎಂಬ ಉತ್ತರಗಳಲ್ಲಿಯೇ ಮುಂದಿನ ವ್ಯಾಪಾರ ಅಡಗಿದೆ.

ದೂರದ ಗಿರಾಕಿಗಳ ವಿಷಯದಲ್ಲಿ ಹೀಗೆ ಎದುರಿಗೆ ಕುಳಿತು ಮಾತನಾಡಲಾಗದು. ಅದಕ್ಕೆ ಬೇರೆ ದಾರಿಯಿದೆ. ಅಮೆಜಾನ್, ಫ್ಲಿಪ್‌ಕಾರ್ಟ್, ಮೀಶೋಗಳಲ್ಲಿ ಕನ್ನಡ ಬರಹದ ಅಂಗಿಗಳನ್ನು ಕೊಂಡವರು ಬರೆದ ಅಭಿಪ್ರಾಯಗಳನ್ನು, ಅದರಲ್ಲಿಯೂ ದೂರುಗಳನ್ನು ಓದಬೇಕು. ಯಾವ ತಿಂಗಳಿನಲ್ಲಿ ಜನರು ಯಾವ ಪದವನ್ನು ಹೆಚ್ಚು ಹುಡುಕುತ್ತಾರೆಂಬುದನ್ನು ಗೂಗಲ್ ಟ್ರೆಂಡ್ಸ್ ಉಚಿತವಾಗಿ ತೋರಿಸುತ್ತದೆ. ನವೆಂಬರ್ 1ರ ರಾಜ್ಯೋತ್ಸವಕ್ಕೆ ಕೆಂಪು ಹಳದಿಯ ಅಂಗಿ ಎಲ್ಲರೂ ಮಾಡುತ್ತಾರೆ. ಅಲ್ಲಿ ಪೈಪೋಟಿ ಹೆಚ್ಚು. ಹೊರನಾಡಿನಲ್ಲಿ ನೆಲೆಸಿರುವ ನಮ್ಮ ಸೀಮೆಯವರಿಗೆ ಈ ಕಡೆಯ ಆಡುಮಾತಿನ ಒಂದು ನುಡಿ ಅಂಗಿಯ ಮೇಲೆ ಕಂಡರೆ ಅದು ಊರೇ ಬಂದು ಕರೆದಂತೆ. ದೇವನೂರ ಮಹಾದೇವರ 'ಕುಸುಮಬಾಲೆ' ಈ ಭಾಗದ ಆಡುನುಡಿಯಲ್ಲಿಯೇ ರಚಿತವಾಗಿ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ಹಾಗಿರುವಾಗ "ಬತ್ತೀನಿ ಕನಾ" ಎಂಬ ನಮ್ಮ ಮಾತಿಗೆ ನಾವೇ ನಾಚಬೇಕೇಕೆ? ಒಂದು ಎಚ್ಚರಿಕೆಯನ್ನು ಮಾತ್ರ ಹೇಳಬೇಕು. ಅಚ್ಚಿನವರ ಗಣಕಯಂತ್ರದಲ್ಲಿ ಕನ್ನಡದ ಒತ್ತಕ್ಷರಗಳು ಕಳಚಿ ಬೀಳುವುದುಂಟು. ಬರಹವನ್ನು ಚಿತ್ರರೂಪಕ್ಕೆ ಮಾಡಿಯೇ ಕಳುಹಿಸಬೇಕು. ಮೊದಲ ಅಂಗಿಯನ್ನು ಕಣ್ಣಾರೆ ಓದಿ ನೋಡಬೇಕು.

ಗಿರಾಕಿಯನ್ನು ಅರಿಯುವುದೆಂದರೆ ಅವನು ಹಣ ಕೊಡುವ ರೀತಿಯನ್ನೂ ಅರಿಯುವುದು. ಒಂದು ಲೆಕ್ಕವನ್ನು ಉದಾಹರಣೆಗಾಗಿ ಇಡೋಣ. ಅಂಗಿ ಮತ್ತು ಅಚ್ಚಿಗೆ 230 ರೂಪಾಯಿ, ಕಳುಹಿಸಲು 70 ರೂಪಾಯಿ, ಮಾರುವ ಬೆಲೆ 399 ರೂಪಾಯಿ. ಒಂದಕ್ಕೆ 99 ರೂಪಾಯಿ ಉಳಿಯಿತು. ಮನೆ ಬಾಗಿಲಲ್ಲಿ ಹಣ ಕೊಡುವ ಕರಾರಿನ ಮೇಲೆ ಹತ್ತು ಅಂಗಿ ಕಳುಹಿಸಿದಾಗ ಇಬ್ಬರು "ಬೇಡ" ಎಂದು ಹಿಂದಿರುಗಿಸಿದರೆನ್ನಿ. ಎಂಟು ಅಂಗಿಗಳ ಲಾಭ 792. ಹಿಂದೆ ಬಂದ ಎರಡಕ್ಕೆ ಹೋಗಿಬರುವ ಖರ್ಚು 280. ಬೇರೆಯವರ ಹೆಸರು ಹೊತ್ತ ಆ ಅಂಗಿಗಳನ್ನು ಯಾರಿಗೂ ಮಾರಲಾಗದುದರಿಂದ ಅದರ ಅಸಲು 460. ಒಟ್ಟು ನಷ್ಟ 740. ಹತ್ತು ಅಂಗಿಯ ದುಡಿಮೆಗೆ ಉಳಿದದ್ದು 52 ರೂಪಾಯಿ! ಆದುದರಿಂದ ಹೆಸರು ಹಾಕಿಸುವ ಅಂಗಿಗೆ ಮುಂಗಡ ಪಡೆಯದೆ ಕೈಹಾಕಬಾರದು. ಮುಂಗಡ ಕೊಟ್ಟವರೇ ನಿಜವಾದ ಉತ್ತರ ಕೊಟ್ಟವರು.

ಸರ್ಕಾರದ ನಿಯಮಗಳನ್ನೂ ತಿಳಿದಿರಬೇಕು. ವರ್ಷದ ವಹಿವಾಟು 40 ಲಕ್ಷ ರೂಪಾಯಿಯ ಮಿತಿಯೊಳಗಿದ್ದು, ರಾಜ್ಯದೊಳಗಷ್ಟೇ ಸರಕು ಮಾರುವ ಸಣ್ಣವರು ಜಿ.ಎಸ್.ಟಿ. ನೋಂದಣಿಯಿಲ್ಲದೆಯೂ ದಾಖಲಾತಿ ಸಂಖ್ಯೆ ಪಡೆದು ಆನ್‌ಲೈನ್ ಮಾರುಕಟ್ಟೆಗಳ ಮೂಲಕ ವ್ಯಾಪಾರ ಮಾಡಲು 2023ರ ಅಕ್ಟೋಬರ್ 1ರಿಂದ ಅವಕಾಶವಿದೆ. ಹೊರರಾಜ್ಯಕ್ಕೆ ಮಾರುವುದಾದರೆ ನೋಂದಣಿ ಬೇಕು. 2,500 ರೂಪಾಯಿವರೆಗಿನ ಉಡುಪಿಗೆ 2025ರ ಸೆಪ್ಟೆಂಬರ್ 22ರಿಂದ ತೆರಿಗೆ ಶೇಕಡಾ 5. ಚಲನಚಿತ್ರ ನಟರ ಭಾವಚಿತ್ರ, ಕ್ರಿಕೆಟ್ ತಂಡದ ಲಾಂಛನ, ಬೇರೆಯವರು ತೆಗೆದ ಹುಲಿಯ ಛಾಯಾಚಿತ್ರಗಳನ್ನು ಕೇಳದೆ ಅಚ್ಚು ಹಾಕಿದರೆ ಕಾನೂನಿನ ತೊಡಕು ತಪ್ಪಿದ್ದಲ್ಲ. ಸೋಲಿಗರ ಮುಖಚಿತ್ರಗಳನ್ನು ಅವರನ್ನು ಕೇಳದೆ ಮಾರುವುದಂತೂ ಕಾನೂನಿಗೂ ಮಿಗಿಲಾದ ತಪ್ಪು.

ಕೊನೆಯದಾಗಿ, ಭಕ್ತರನ್ನು ಗಿರಾಕಿಗಳೆಂದು ನೋಡುವಾಗ ಇರಬೇಕಾದ ಎಚ್ಚರ. ವಚನವನ್ನೋ ಗುರುಗಳ ಚಿತ್ರವನ್ನೋ ಅಂಗಿಗೆ ಹಾಕಿದರೆ ಬೇಗ ಮಾರಾಟವಾದೀತು. ಆದರೆ ಆ ಅಂಗಿ ಬೆವರಿನಲ್ಲಿ ತೊಯ್ದು, ಕಲ್ಲಿನ ಮೇಲೆ ಒಗೆಸಿಕೊಂಡು, ಮೂರನೆಯ ವರ್ಷಕ್ಕೆ ಒರೆಸುವ ಬಟ್ಟೆಯಾಗುವುದನ್ನು ಮೊದಲೇ ನೆನೆಯಬೇಕು. ಪಾದಯಾತ್ರೆಯ ತಂಡದವರನ್ನು ಕೇಳಿದರೆ, ಕತ್ತಲೆಯಲ್ಲಿ ವಾಹನದವರಿಗೆ ಕಾಣುವಂತೆ ಬೆನ್ನಿನ ಮೇಲೆ ಹೊಳೆಯುವ ಪಟ್ಟಿ, ಊರಿನ ಹೆಸರು, ತಪ್ಪಿಸಿಕೊಂಡವರಿಗಾಗಿ ತಂಡದ ಮುಖ್ಯಸ್ಥರ ದೂರವಾಣಿ ಸಂಖ್ಯೆ, ಇವು ಸಾಕೆಂದು ಅವರೇ ಹೇಳಿಯಾರು. ಭಕ್ತಿಯನ್ನು ಮಾರುವುದಕ್ಕೂ ಭಕ್ತರಿಗೆ ಬೇಕಾದುದನ್ನು ಒದಗಿಸುವುದಕ್ಕೂ ಇರುವ ಅಂತರ ಇದೇ. ಸತ್ಯಶುದ್ಧ ಕಾಯಕವೆಂಬುದು ಈ ಅಂತರವನ್ನು ಬಲ್ಲದು.

ಆದುದರಿಂದ ತಂದೆತಾಯಿಗಳಲ್ಲಿ ನಮ್ಮ ವಿನಂತಿ ಇಷ್ಟೇ. ಮಗನಾಗಲಿ, ಮಗಳಾಗಲಿ, ಹೊಲಿಗೆ ಬಲ್ಲ ಸೊಸೆಯಾಗಲಿ ಈ ಕಾಯಕಕ್ಕೆ ಮನಸ್ಸು ಮಾಡಿದರೆ ಗದರಿಸಬೇಡಿ. ಒಡನೆಯೇ ಒಡವೆಯನ್ನೂ ಬಿಚ್ಚಿಕೊಡಬೇಡಿ. "ನೋಟುಪುಸ್ತಕ ತೋರಿಸು, ಯಾರು ಯಾರನ್ನು ಕೇಳಿದೆ, ಮುಂಗಡ ಕೊಟ್ಟವರೆಷ್ಟು ಮಂದಿ?" ಎಂದು ಪ್ರೀತಿಯಿಂದ ಕೇಳಿ. ಆ ಪುಟಗಳು ತುಂಬಿದ ದಿನ ಬಂಡವಾಳದ ಮಾತಾಡೋಣ. ಪುಟಗಳು ಖಾಲಿಯಾಗಿಯೇ ಉಳಿದರೆ ಹೋದದ್ದು ಒಂದು ನೋಟುಪುಸ್ತಕದ ಬೆಲೆ ಮಾತ್ರ. ಒಡವೆ ಪೆಟ್ಟಿಗೆಯಲ್ಲಿದೆ, ಮಕ್ಕಳ ಉತ್ಸಾಹವೂ ಇನ್ನೊಂದು ಕೆಲಸಕ್ಕೆ ಉಳಿದಿದೆ.