ನಿಮ್ಮ ಕಂಪ್ಯೂಟರಿನ ಫಲಕ ಯಾವ ಭಾಷೆಯಲ್ಲಿದೆ?



ಅಂಗಡಿಗಳ ನಾಮಫಲಕದಲ್ಲಿ ಶೇಕಡ 60ರಷ್ಟು ಕನ್ನಡ ಇರಲೇಬೇಕೆಂದು 2024ರಲ್ಲಿ ಕಾನೂನಾಯಿತು. ಅದಕ್ಕಾಗಿ ಬೀದಿಗಿಳಿದವರು ನಿಮ್ಮಂಥ ಯುವಕರೇ. ಸಂತೋಷ! ಈಗ ನಿಮ್ಮ ಮೇಜಿನ ಮೇಲಿನ ಕಂಪ್ಯೂಟರಿನ ಮೆನು ತೆರೆಯಿರಿ. ಅಲ್ಲಿ ಕನ್ನಡ ಶೇಕಡ ಎಷ್ಟಿದೆ?

ಲಿನಕ್ಸ್ ಬಳಸುವವರು ಸಬೂಬು ಹೇಳುವಂತಿಲ್ಲ. ಅಲ್ಲಿ ಒಂದು ಮೆನು ಹಿಡಿಸದಿದ್ದರೆ ಇನ್ನೊಂದನ್ನು ಹಾಕಿಕೊಳ್ಳಬಹುದು. ಆದರೆ ಅಂದಚಂದ ನೋಡಿ ಆರಿಸಬೇಡಿ. ಹಡಗಲಿ ಸೀಮೆಯ ಇಟ್ಟಿಗಿಯಂಥ ಊರುಗಳಿಂದ ಬೆಂಗಳೂರಿಗೆ ಬಂದವರು ನಿಮ್ಮಲ್ಲಿ ಎಷ್ಟೋ ಮಂದಿ. ಊರಿನ ಕನ್ನಡ ಶಾಲೆಯಲ್ಲಿ ಓದುವ ತಂಗಿಯ ಮುಂದೆ ಆ ಯಂತ್ರ ಇಡಿ. ಯಾರನ್ನೂ ಕೇಳದೆ ಅವಳು ತನಗೆ ಬೇಕಾದ್ದನ್ನು ಹುಡುಕಿಕೊಳ್ಳಬಲ್ಲಳೇ? ಅದೇ ಪರೀಕ್ಷೆ.

2011ರಲ್ಲಿ ಹಳೆಯ ಮೆನುವನ್ನು ಕೈಬಿಟ್ಟ ಗ್ನೋಮ್, ಪರದೆಯ ತುಂಬ ಚಿತ್ರಗಳನ್ನು ಹರಡುತ್ತದೆ. ನೋಡಲು ಸೊಗಸು. ಆದರೆ ಚಿತ್ರದ ಕೆಳಗೆ ತಂತ್ರಾಂಶದ ಹೆಸರು ಮಾತ್ರ. 'ಗಿಂಪ್' ಎಂದರೆ ಚಿತ್ರ ತಿದ್ದುವ ಸಾಧನ ಎಂದು ಆ ಹುಡುಗಿಗೆ ಯಾರು ಹೇಳಬೇಕು?

ಎಕ್ಸ್‌ಎಫ್‌ಸಿಇ ಪರಿಸರದ ವಿಸ್ಕರ್ ಮೆನುವಿನಲ್ಲಿ ಎಲ್ಲವೂ ವಿಭಾಗವಾರು ಜೋಡಣೆ. ಅದರ ಸೆಟ್ಟಿಂಗ್‌ನಲ್ಲಿ ಒಂದು ಗುರುತು ಹಾಕಿದರೆ ತಂತ್ರಾಂಶದ ಹೆಸರಿನ ಬದಲು ಅದು ಮಾಡುವ ಕೆಲಸ ಕಾಣುತ್ತದೆ. ಹಳೆಯ ಯಂತ್ರಕ್ಕೂ ಭಾರವಲ್ಲ. ಕೆಡಿಇ ಪ್ಲಾಸ್ಮಾದಲ್ಲಿ ಮೆನು ಗುಂಡಿಯ ಮೇಲೆ ಮೌಸಿನ ಬಲಗುಂಡಿ ಒತ್ತಿ. ಬದಲಿ ಮೆನುಗಳ ಪಟ್ಟಿ ಸಿಗುತ್ತದೆ. ಅದರಲ್ಲಿ 'ಅಪ್ಲಿಕೇಶನ್ ಮೆನು' ಆರಿಸಿದರೆ ಹೆಸರು, ವಿವರಣೆ ಎರಡನ್ನೂ ತೋರಿಸುವಂತೆ ಮಾಡಿಕೊಳ್ಳಬಹುದು. ನಮ್ಮ ಮತ ಈ ಎರಡಕ್ಕೆ: ಹಳೆಯ ಯಂತ್ರಕ್ಕೆ ವಿಸ್ಕರ್, ಹೊಸದಕ್ಕೆ ಪ್ಲಾಸ್ಮಾ.

ಆದರೆ ಮೆನು ಬದಲಿಸಿದ ಮಾತ್ರಕ್ಕೆ ಕನ್ನಡ ಬಂದುಬಿಡುವುದಿಲ್ಲ! ಮೊದಲು ಇಡೀ ಯಂತ್ರದ ಭಾಷೆಯನ್ನು ಕನ್ನಡಕ್ಕೆ ಬದಲಿಸಿ. ಆಮೇಲೂ ಅಲ್ಲಲ್ಲಿ ಇಂಗ್ಲಿಷ್ ಉಳಿದೀತು. ಕಾರಣವಿದೆ. ಪ್ರತಿ ತಂತ್ರಾಂಶಕ್ಕೂ 'ಡಾಟ್ ಡೆಸ್ಕ್‌ಟಾಪ್' ಎಂಬ ಪುಟ್ಟ ಕಡತವಿರುತ್ತದೆ. ಅದರ ಹೆಸರು, ವಿವರಣೆ ಯಾವ ಭಾಷೆಯಲ್ಲಿ ಏನೆಂಬುದು ಸಾಲುಸಾಲಾಗಿ ಅಲ್ಲೇ ಬರೆದಿರುತ್ತದೆ. ಕನ್ನಡದ ಗುರುತು 'ಕೆಎನ್'. ಆ ಗುರುತಿನ ಸಾಲು ಇಲ್ಲದಿದ್ದರೆ ಯಾವ ಮೆನು ತಂದರೂ ಇಂಗ್ಲಿಷೇ ಗತಿ.

ಆ ಸಾಲನ್ನು ಬರೆಯಲು ಎಂಜಿನಿಯರಿಂಗ್ ಓದಬೇಕಿಲ್ಲ. ಕಡತದ ಪ್ರತಿಯನ್ನು ನಿಮ್ಮ ಖಾತೆಯ ಅಪ್ಲಿಕೇಶನ್ಸ್ ಫೋಲ್ಡರಿಗೆ ತಂದು, ತೆರೆದು, ಕನ್ನಡದ ಸಾಲು ಸೇರಿಸಿ. ಸರಿಯೆನಿಸಿದರೆ ಆ ತಂತ್ರಾಂಶ ರೂಪಿಸುವವರಿಗೇ ಕಳುಹಿಸಿ. ಅವರು ಒಪ್ಪಿಕೊಂಡರೆ ಮುಂದಿನ ಆವೃತ್ತಿಯಲ್ಲಿ ಅದು ಕನ್ನಡದಲ್ಲಿ ಬಳಸುವ ಎಲ್ಲರಿಗೂ ಸಿಗುತ್ತದೆ, ಇಟ್ಟಿಗಿಯ ತಂಗಿಗೂ.

ಅಂಗಡಿಯವನನ್ನು ಕನ್ನಡ ಬರೆಸು ಎಂದು ಕೇಳುವ ಹಕ್ಕು ನಮಗಿದೆ. ನಮ್ಮದೇ ಯಂತ್ರದಲ್ಲಿ ಕನ್ನಡ ಬರೆಯುವ ಹೊಣೆಯೂ ನಮ್ಮದೇ. ಈ ಭಾನುವಾರ ಒಬ್ಬೊಬ್ಬರು ಒಂದೊಂದು ತಂತ್ರಾಂಶ ಹಿಡಿಯಿರಿ. ಶುರುಮಾಡಿ!