ಏರಿದವರು ಒದ್ದ ಏಣಿ

"ನಗರಪಾಲಿಕೆಗೆ ಚುನಾವಣೆ ಆಗದಿದ್ದರೆ ಯಾರಪ್ಪನ ಗಂಟು ಹೋಯಿತು ಮೇಡಂ? ನಲ್ಲಿಯಲ್ಲಿ ನೀರು ಬರುತ್ತೆ, ಕಸದ ಗಾಡಿ ಬರುತ್ತೆ, ಸಾಲದೆ?" ಎಂದು ನಮ್ಮ ಶಾಲೆಯ ಮೇಷ್ಟರೊಬ್ಬರು ಕೇಳಿದರು. ಓದಿದವರೇ ಹೀಗೆ ಕೇಳುವ ಕಾಲ ಬಂದಿರುವುದರಿಂದ ಇದನ್ನು ಬರೆಯಬೇಕಾಗಿದೆ.

ಪೌರನೀತಿಯ ಪಾಠ ಮಾಡುವಾಗ ನಾನು ಎಚ್.ಡಿ. ದೇವೇಗೌಡರ ಉದಾಹರಣೆ ಕೊಡುತ್ತೇನೆ. ಅವರ ಪಕ್ಷದ ಮೇಲಿನ ಮೋಹದಿಂದಲ್ಲ. ಹಾಸನ ಜಿಲ್ಲೆಯ ಹರದನಹಳ್ಳಿಯ ರೈತನ ಮಗ, ಡಿಪ್ಲೊಮಾ ಓದಿದವರು, ರಾಜಕಾರಣ ಕಲಿತದ್ದು ಸಹಕಾರ ಸಂಘದಲ್ಲಿ, ಹೊಳೆನರಸೀಪುರದ ತಾಲ್ಲೂಕು ಅಭಿವೃದ್ಧಿ ಮಂಡಳಿಯಲ್ಲಿ. 1962ರಲ್ಲಿ ಪಕ್ಷೇತರರಾಗಿ ಶಾಸಕರಾದರು. ವಿರೋಧ ಪಕ್ಷದ ನಾಯಕರಾದರು, ತುರ್ತುಪರಿಸ್ಥಿತಿಯಲ್ಲಿ ಜೈಲು ಕಂಡರು, ನೀರಾವರಿ ಮಂತ್ರಿಯಾದರು. 1994ರಲ್ಲಿ ಮುಖ್ಯಮಂತ್ರಿ, 1996ರ ಜೂನ್ 1ರಂದು ಪ್ರಧಾನಮಂತ್ರಿ. ದಿಲ್ಲಿಯ ಗದ್ದುಗೆ ಹನ್ನೊಂದು ತಿಂಗಳೂ ತುಂಬಲಿಲ್ಲ, ನಿಜ. ಆದರೆ ಕಾಲುವೆಯ ಲೆಕ್ಕ ಬಲ್ಲವನೊಬ್ಬ ಅಲ್ಲಿಯವರೆಗೆ ಹೋಗಬಹುದೆಂದು ತೋರಿತು. ನಮ್ಮ ಮೈಸೂರಿನ ಸಿದ್ದರಾಮಯ್ಯನವರೂ 1978ರಲ್ಲಿ ತಾಲ್ಲೂಕು ಬೋರ್ಡಿನಿಂದಲೇ ಹೊರಟವರು.

ಆ ಮೆಟ್ಟಿಲು ಈಗ ಯಾರಿಗೆ ಬೇಕು? ದೊಡ್ಡವರ ಮನೆಯಲ್ಲಿ ಹುಟ್ಟಿದವರಿಗೆ ಬೇಡ. ಗೌಡರ ಮಗ ಕುಮಾರಸ್ವಾಮಿ 1996ರಲ್ಲಿ ಕನಕಪುರದಿಂದ, ಮೊಮ್ಮಗ ಪ್ರಜ್ವಲ್ 2019ರಲ್ಲಿ ಹಾಸನದಿಂದ ನೇರವಾಗಿ ಲೋಕಸಭೆಗೇ ಹೋದರು. ಇದು ಒಂದು ಮನೆಯ ಕಥೆಯಲ್ಲ, ಎಲ್ಲ ಪಕ್ಷಗಳ ಕಥೆ. ಮೆಟ್ಟಿಲು ಬೇಕಾದದ್ದು ಗಾರೆ ಕೆಲಸದವನ ಮಗನಿಗೆ, ಹೂ ಕಟ್ಟುವವಳ ಮಗಳಿಗೆ.

ಅದನ್ನೇ ಕಿತ್ತಿದ್ದಾರೆ. ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕೆಂದು 1993ರಲ್ಲಿ ಜಾರಿಗೆ ಬಂದ ಸಂವಿಧಾನದ ತಿದ್ದುಪಡಿಗಳು ಹೇಳುತ್ತವೆ. ರಾಜ್ಯದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಮೈಸೂರು ಪಾಲಿಕೆಯದು 2023ರಲ್ಲಿ. ಸಕಾಲಕ್ಕೆ ಚುನಾವಣೆ ಆಗಲಿಲ್ಲ. ಅಧಿಕಾರಿಗಳ ಕೈಗೆ ಆಡಳಿತ ಹೋಯಿತು. ಇದಕ್ಕೆ ಒಂದೇ ಪಕ್ಷದ ಸರ್ಕಾರ ಹೊಣೆಯಲ್ಲ.

ಅಧಿಕಾರಿ ಒಳ್ಳೆಯವರಿರಬಹುದು. ಆದರೆ ಅವರು ನಮ್ಮ ಬೀದಿಗೆ ಮತ ಕೇಳಲು ಬರಬೇಕಾಗಿಲ್ಲ, ವರ್ಗವಾದರೆ ಹೋದರು. ಕಾರ್ಪೊರೇಟರನನ್ನಾದರೆ ಹಾಲಿನ ಬೂತಿನ ಮುಂದೆ ನಿಲ್ಲಿಸಿ, "ಏನಪ್ಪಾ, ಚರಂಡಿ ಏನಾಯ್ತು?" ಎಂದು ಕೇಳಬಹುದು. ಬೈಸಿಕೊಂಡು ಕಲಿಯುವ ಆ ವಿದ್ಯೆಯನ್ನು ಯಾವ ಕಾಲೇಜೂ ಕಲಿಸುವುದಿಲ್ಲ. ಪಾಲಿಕೆಯಲ್ಲಿ ಜಗಳ, ಕಮಿಷನ್ ಎನ್ನುವವರಿದ್ದಾರೆ. ಅವು ವಿಧಾನಸಭೆಯಲ್ಲಿ ಇಲ್ಲವೆ? ಅದನ್ನೂ ಮುಚ್ಚೋಣವೆ?

ಹೆಚ್ಚು ನಷ್ಟ ಹೆಣ್ಣುಮಕ್ಕಳಿಗೆ. 2018ರಲ್ಲಿ ಆಯ್ಕೆಯಾದ ನಮ್ಮ ಪಾಲಿಕೆ ಆರಿಸಿದ ಐವರು ಮೇಯರುಗಳಲ್ಲಿ ನಾಲ್ವರು ಮಹಿಳೆಯರು. 2020ರಲ್ಲಿ ತಸ್ನೀಂ ಈ ಊರಿನ ಮೊದಲ ಮುಸ್ಲಿಂ ಮಹಿಳಾ ಮೇಯರ್ ಆದರು. ಶಾಸನಸಭೆಗಳಲ್ಲಿ ಮಹಿಳೆಯರಿಗೆ ಮೂರನೇ ಒಂದು ಭಾಗ ಕೊಡುವ ಮಸೂದೆ ಮಂಡಿಸಿದ್ದೂ ದೇವೇಗೌಡರ ಸರ್ಕಾರವೇ, 1996ರಲ್ಲಿ. ಅಂಗೀಕಾರವಾಗಲು 2023 ಬರಬೇಕಾಯಿತು. ಅದೂ ಜನಗಣತಿ, ಕ್ಷೇತ್ರ ಪುನರ್ವಿಂಗಡಣೆ ಆದ ಮೇಲೆ ಎಂಬ ಷರತ್ತಿನೊಡನೆ. ಮೇಲಿನ ಬಾಗಿಲು ತೆರೆಯಲು ಇಪ್ಪತ್ತೇಳು ವರ್ಷ ಕಾಯಿಸಿ, ತೆರೆದಿದ್ದ ಕೆಳಗಿನ ಬಾಗಿಲಿಗೆ ಬೀಗ ಹಾಕುವುದು ಯಾವ ನ್ಯಾಯ?

ತಾಲ್ಲೂಕು ಬೋರ್ಡಿನಿಂದ ಬಂದೆವೆಂದು ಹೆಮ್ಮೆಯಿಂದ ಹೇಳಿಕೊಳ್ಳುವವರು ಮತ ಕೇಳಿಕೊಂಡು ಮನೆಗೆ ಬಂದಾಗ ಕಾಫಿ ಕೊಡಿ, ಕೂರಿಸಿ. ಆಮೇಲೆ ಒಂದೇ ಮಾತು ಕೇಳಿ: ಪಾಲಿಕೆಯ, ಪಂಚಾಯಿತಿಯ ಚುನಾವಣೆಯನ್ನು ಒಂದು ದಿನವೂ ತಡಮಾಡುವುದಿಲ್ಲವೆಂದು ಬರೆದುಕೊಡುತ್ತೀರಾ? ಕೊಡದಿದ್ದರೆ, ನಮ್ಮ ಮತಕ್ಕೂ ಅವಸರವಿಲ್ಲ.